ಬರಹದ ಕೆಳಗಿನ ಚೂರು

ಆ ಕಣಿವೆಯಲ್ಲಿ ತಲೆ ಒಡೆಯುವವರು ಮನೆಗೊಬ್ಬರು, ಒಡೆದ ತಲೆಯನ್ನು ಸರಿಮಾಡುವವನು ಮಾತ್ರ ಔನ್ನಿಸ್ ಒಬ್ಬನೇ. ಔರೆಸ್ ಬೆಟ್ಟದವರ ಸಿಟ್ಟಿಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಮೇಕೆ ಬೇಲಿ ಹಾರಿದರೆ ಸಾಕು, ಅಂಜೂರದ ಕೊಂಬೆ ಪಕ್ಕದವನ ಗೋಡೆಯಾಚೆ ಬಾಗಿದರೆ ಸಾಕು, ಕಬ್ಬಿಣದ ಕಟ್ಟು ಹಾಕಿದ ದೊಣ್ಣೆ ಮೇಲೇಳುತ್ತದೆ. ನಾಡನ್ನು ಹಿಡಿದ ಫ್ರೆಂಚರು ಬಂದೂಕುಗಳನ್ನು ಕಸಿದುಕೊಂಡ ಮೇಲಂತೂ ದೊಣ್ಣೆಗೆ ಬಿಡುವೇ ಇಲ್ಲ. ಹೊಡೆದವನು ಬೆಟ್ಟ ಹತ್ತಿ ಓಡುತ್ತಾನೆ. ಹೊಡೆಸಿಕೊಂಡವನನ್ನು ಕಂಬಳಿಯಲ್ಲಿ ಸುತ್ತಿ, ಹೇಸರಗತ್ತೆಯ ಮೇಲೆ ಅಡ್ಡ ಹಾಕಿ, ತಿಝ್ಮಾರ್ ಹಳ್ಳಿಯ ತುದಿಯಲ್ಲಿರುವ ಔನ್ನಿಸ್‌ನ ಕಲ್ಲುಮನೆಗೆ ತರುತ್ತಾರೆ.

ಔನ್ನಿಸ್ ಅರವತ್ತರ ಹತ್ತಿರದ ಸಣಕಲು ಮುದುಕ. ಕೈ ಎಷ್ಟು ಮೆತ್ತಗೋ ಬಾಯಿ ಅಷ್ಟೇ ಒರಟು. ಅವನ ಅಪ್ಪನೂ ತಲೆ ಬಿಚ್ಚುವವನೇ, ಅಜ್ಜನೂ ಅದೇ. ಒಂದು ಚರ್ಮದ ಚೀಲ. ಅದರಲ್ಲಿ ಕೈಬೈರಿಗೆ, ಬೆರಳುದ್ದದ ಗರಗಸ, ಎರಡು ಕೊಕ್ಕೆ, ಮೂಳೆ ಕೆರೆಯುವ ಒಂದು ಉಳಿ. ತಲೆ ಬಿಚ್ಚುವುದನ್ನು ಫ್ರೆಂಚರು ನಿಷೇಧಿಸಿದ್ದರು, ಆ ಚೀಲ ಅವರ ಕಣ್ಣಿಗೆ ಬಿದ್ದರೆ ಜೈಲು. ಹಾಗಾಗಿ ಅದು ಬಾರ್ಲಿ ತುಂಬಿದ ಮಣ್ಣಿನ ವಾಡೆಯೊಳಗೆ ಹೂತಿರುತ್ತಿತ್ತು.

ಅರಿವು ತಪ್ಪಿಸುವ ಔಷಧವೇನೂ ಅವನಲ್ಲಿರಲಿಲ್ಲ. ಅವನ ಔಷಧವೆಲ್ಲ ಮಾತು. ಚರ್ಮ ಬಿಡಿಸಿ ಮೂಳೆಗೆ ಬೈರಿಗೆ ಇಡುವ ಮೊದಲು ಗಾಯಾಳುವಿಗೆ ಹೇಳುತ್ತಿದ್ದ, "ಬಾಯಿ ಮುಚ್ಚಬ್ಯಾಡ ನೋಡು. ನಿನ್ನ ಮ್ಯಾಕಿ ಹೆಸರೆಲ್ಲಾ ಒಂದೊಂದ ಹೇಳ್ಕೋತ ಹೋಗು. ಮ್ಯಾಕಿ ಇಲ್ಲಂದ್ರ ಹೆಂಡ್ತಿ ಕಡೇ ಮಂದೀನ ಹೆಸರು ಹಿಡಿದು ಬೈಯಿ, ಇವತ್ತ ಯಾರೂ ಸಿಟ್ಟಾಗೂದಿಲ್ಲ." ಗಾಯಾಳು ಹಲ್ಲು ಕಚ್ಚಿಕೊಂಡು ಹೆಸರು ಹೇಳುತ್ತಿದ್ದ. ನಾಲಿಗೆ ತೊದಲಿತೋ, ಔನ್ನಿಸ್‌ನ ಕೈ ಅಲ್ಲೇ ನಿಲ್ಲುತ್ತಿತ್ತು. ಮಾತು ಮತ್ತೆ ಹರಿದರೆ ಕೈಯೂ ಚಲಿಸುತ್ತಿತ್ತು.

ಕಸುಬಿನಲ್ಲಿ ಅವನಿಗಿದ್ದ ಕಟ್ಟಪ್ಪಣೆ ಒಂದೇ. ಬುರುಡೆಯ ಮೇಲೆ ಅಂಕುಡೊಂಕಾದ ಗೆರೆಗಳಿವೆಯಲ್ಲ, ಮೂಳೆಗೆ ಮೂಳೆ ಹೊಲಿದ ಹಾಗೆ ಕಾಣುವವು, ಅವು ದೇವರ ಬರಹ. ಹುಟ್ಟುವ ಮೊದಲೇ ಬರೆದಿಟ್ಟ ಹಣೆಬರಹ. ಉಳಿದವರು ಅದನ್ನು ಬಾಯಲ್ಲಿ ಹೇಳಿ ನಿಟ್ಟುಸಿರುಬಿಡುತ್ತಾರೆ, ಔನ್ನಿಸ್ ಕಣ್ಣಾರೆ ಕಂಡಿದ್ದಾನೆ. ಓದುವುದಕ್ಕೆ ಮಾತ್ರ ಬರುವುದಿಲ್ಲ. "ಎಲ್ಲಿ ಬೇಕಾದ್ರೂ ಕೊಯ್ಯಿ, ಬರಹ ದಾಟಬ್ಯಾಡ," ಎಂದು ಅಪ್ಪ ಸಾಯುವ ಮುನ್ನ ಕೈ ಹಿಡಿದು ಹೇಳಿದ್ದ. "ಬರದದ್ದನ್ನ ಕೊಯ್ದು ಹಾಕಿದ್ರ, ಆಮ್ಯಾಲ ಅಂವ ಯಾರ ಬಾಳೇ ಬಾಳಬೇಕು?"

ಬರಹದ ಮೇಲಿದ್ದ ಭಯಭಕ್ತಿ ಔನ್ನಿಸ್‌ಗೆ ಅದರ ಕೆಳಗಿನದರ ಮೇಲೆ ಇರಲಿಲ್ಲ. ಮೂಳೆಯ ಕೆಳಗಿರುವುದು ಅವನ ಪಾಲಿಗೆ ಗಟ್ಟಿ ಮೊಸರು, ಅಷ್ಟೇ. ಮಮತೆ ಇರುವುದು ಕರುಳಿನಲ್ಲಿ, ಧೈರ್ಯ ಗುಂಡಿಗೆಯಲ್ಲಿ, ಸಿಟ್ಟು ಪಿತ್ತದಲ್ಲಿ. ಪಿತ್ತ ನೆತ್ತಿಗೇರಿದಾಗ ಮನುಷ್ಯ ಕುಣಿಯುತ್ತಾನೆ, ಇಳಿದಾಗ ಊಟಕ್ಕೆ ಕೂರುತ್ತಾನೆ. ತಲೆ ಎನ್ನುವುದು ಪೇಟ ಇಡುವ ಜಾಗ. ಇದನ್ನು ಕಣಿವೆಯಲ್ಲಿ ಎಲ್ಲರೂ ನಂಬಿದ್ದರು, ಔನ್ನಿಸ್ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ.

ಜೋರಾಗಿ ಹೇಳುವುದಕ್ಕೆ ಕಾರಣವಿತ್ತು. ನಲವತ್ತು ವರ್ಷದ ಹಿಂದೆ, ಅಪ್ಪ ಸತ್ತ ವರ್ಷವೇ, ಒಬ್ಬ ಕುರುಬನ ಹಣೆಯ ಮೇಲ್ಭಾಗದ ಮೂಳೆ ಬಿಚ್ಚಿದ್ದ. ಕುರುಬ ಒಳ್ಳೆಯ ಮನುಷ್ಯ, ನಮಾಜು ತಪ್ಪಿಸದವನು, ಮೇಕೆಗಳ ಹೆಸರು ಹೇಳುತ್ತ ಮಲಗಿದ್ದ. ಔನ್ನಿಸ್‌ನ ಹೆಬ್ಬೆರಳು ಜಾರಿ ಒಳಗಿನ ಮೊಸರಿನ ಮೇಲೆ ಚೂರು ಒತ್ತಿತು. ತಕ್ಷಣ ಆ ಕುರುಬ ತನ್ನ ಹೆತ್ತ ತಾಯಿಯ ಮೇಲೆ ಎಂಥ ಹೊಲಸು ಮಾತಾಡಿದನೆಂದರೆ, ಔನ್ನಿಸ್‌ನ ಮೈ ತಣ್ಣಗಾಯಿತು. ಬೆರಳು ತೆಗೆದ. ಕುರುಬ ಏನೂ ಆಗದವನ ಹಾಗೆ ಮುಂದಿನ ಮೇಕೆಯ ಹೆಸರು ಹೇಳಿದ. ತಾನು ಏನೆಂದೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಔನ್ನಿಸ್ ಅದನ್ನು ಹೆಂಡತಿಗೂ ಹೇಳಲಿಲ್ಲ. ಒಬ್ಬನ ಮಾನ ಮರ್ಯಾದೆ ಎಲ್ಲ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗದಲ್ಲಿದೆ ಅಂದರೆ ಆಮೇಲೆ ಊರಿನಲ್ಲಿ ಯಾರನ್ನು ಯಾವ ಮುಖದಿಂದ ಬೈಯುವುದು?

ಆ ವರ್ಷ ಬಾರ್ಲಿ ಕೊಯ್ಲು ಮುಗಿದಿತ್ತು, ತೋಟಗಳಿಗೆ ನೀರು ಬಿಡುವ ಸರದಿ ನಡೆದಿತ್ತು. ತಳಕ್ಕೆ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಾರೆ. ಅದು ತುಂಬಿ ಮುಳುಗುವ ತನಕ ಒಬ್ಬನ ಸರದಿ, ಆಮೇಲೆ ಇನ್ನೊಬ್ಬನದು. ಅಂದು ಬೆಳಗಿನ ಸರದಿ ಮೆಕ್ಕಿಯದು. ಮೆಕ್ಕಿ ಔನ್ನಿಸ್‌ನ ತಂಗಿ ಹದ್ದಾಳ ಒಬ್ಬನೇ ಮಗ. ಅಷ್ಟೇ ಅಲ್ಲ, ಔನ್ನಿಸ್‌ನ ಒಬ್ಬಳೇ ಮಗಳು ತಾವುಸ್‌ಳ ಗಂಡ. ಜೇನು ಸಾಕುವವನು. ಜೇನುಹುಳ ಅವನ ಬರಿಗೈ ಮೇಲೆ ಓಡಾಡುತ್ತಿದ್ದವು, ಕಚ್ಚುತ್ತಿರಲಿಲ್ಲ. ಇರುವೆಯನ್ನೂ ದಾಟಿಕೊಂಡು ಹೋಗುವವನು ಎಂದು ಊರೆಲ್ಲ ಅವನನ್ನು ಗೇಲಿ ಮಾಡುತ್ತಿತ್ತು.

ಬಟ್ಟಲು ಮುಳುಗುವ ಮೊದಲೇ ಕಾಲುವೆಯ ಆಚೆ ದಡದ ಬೆಲ್ಖೀರ್ ಬಂದು, ನೀರು ತನ್ನ ತೋಟಕ್ಕೆ ತಿರುಗಲೆಂದು ಒಡ್ಡು ಒಡೆದ.

"ಬೆಲ್ಖೀರಣ್ಣಾ, ಬಟ್ಲಾ ಇನ್ನೂ ತೇಲಾಕತ್ತೈತಿ, ನೋಡು," ಎಂದ ಮೆಕ್ಕಿ.

"ಬಟ್ಲಾ ನೋಡೂದು ಹೆಂಗಸರ ಕೆಲಸ. ನೀನ ನೋಡ್ಕೋತ ಕೂಡು."

ಮೆಕ್ಕಿ ಬಗ್ಗಿ ಎರಡೂ ಕೈಯಿಂದ ಮಣ್ಣು ಎಳೆದು ಒಡ್ಡು ಮುಚ್ಚತೊಡಗಿದ. ಬೆಲ್ಖೀರ್ ಒಂದು ಹೆಜ್ಜೆ ಮುಂದೆ ಬಂದ. ಬಗ್ಗಿದ ತಲೆಯ ಮೇಲೆ ದೊಣ್ಣೆ ಬೀಸಿದ. ಒಂದೇ ಪೆಟ್ಟು. ಕಾಲುವೆಯ ನೀರು ಕೆಂಪಾಗಿ ಆಚೆ ದಡದ ತೋಟಕ್ಕೇ ಹರಿಯಿತು.

ಸೋದರಳಿಯನ ತಲೆಗೆ ಕೈ ಹಾಕಿದಾಗ ಔನ್ನಿಸ್ ಒಂದು ಸಲವೂ ನಡುಗಲಿಲ್ಲ. ನಡುಗಿದರೆ ಹದ್ದಾ ನೋಡುತ್ತಾಳೆ ಎಂಬ ಭಯ. ಹಣೆಯ ಬಲಗಡೆ, ಕೂದಲು ಶುರುವಾಗುವಲ್ಲಿ ಮೂಳೆ ತಗ್ಗಾಗಿ ಒಳಕ್ಕೆ ಕೂತಿತ್ತು. ಸುತ್ತ ತೂತು ಕೊರೆದು, ತೂತಿಗೆ ತೂತು ಕೂಡಿಸಿ, ಒಡೆದ ಮೂಳೆಯನ್ನು ಚೂರುಚೂರಾಗಿ ಎತ್ತಿದ. ಮೆಕ್ಕಿ ಅರೆಪ್ರಜ್ಞೆಯಲ್ಲೇ ತನ್ನ ಜೇನುಗೂಡುಗಳಿರುವ ಜಾಗಗಳ ಹೆಸರು ಹೇಳುತ್ತಿದ್ದ. ಕೊನೆಗೆ ಒಂದು ಚೂರು ಉಳಿಯಿತು. ಅದರ ಬುಡ ಕಾಣುತ್ತಿತ್ತು, ತುದಿ ಮಾತ್ರ ಬರಹದ ಅಡ್ಡಗೆರೆಯ ಕೆಳಗೆ ಹೊಕ್ಕಿತ್ತು. ಎಳೆದಾಗ ತುದಿ ಮುರಿದು ಒಳಗೇ ಉಳಿಯಿತು. ಅದನ್ನು ತೆಗೆಯಬೇಕಾದರೆ ಬರಹ ಕೊಯ್ಯಬೇಕು.

ಔನ್ನಿಸ್ ಉಳಿಯನ್ನು ಗೆರೆಯ ತನಕ ಒಯ್ದ. ಅಲ್ಲಿಗೇ ನಿಂತ. ಉಪ್ಪಿಲ್ಲದ ಬೆಣ್ಣೆ, ಜೇನು ಕಾಸಿ ಬಟ್ಟೆಗೆ ಹಚ್ಚಿ ಗಾಯ ಮುಚ್ಚಿದ.

"ಎಲ್ಲಾ ತಗದೀಯೇನು?" ಎಂದಳು ಹದ್ದಾ.

"ತಗೀಬೇಕಾದ್ದೆಲ್ಲಾ ತಗದೀನಿ," ಎಂದ ಔನ್ನಿಸ್.

ಇಪ್ಪತ್ತು ದಿನಕ್ಕೆ ಮೆಕ್ಕಿ ಎದ್ದು ಕೂತ. ರೊಟ್ಟಿ ತಿಂದ, ಅಂಗಳದಲ್ಲಿ ನಡೆದ. ಆಚೆ ದಡದ ಹಿರಿಯರು ಎರಡು ಕುರಿ ತಂದು ಕೊಯ್ದರು, ಎರಡೂ ಕಡೆಯವರು ಒಂದೇ ತಟ್ಟೆಯಲ್ಲಿ ಉಂಡು ರಾಜಿಯಾದರು. ಇನ್ನು ಮೆಕ್ಕಿಯ ಹೆಸರಿನಲ್ಲಿ ಬೆಲ್ಖೀರನ ಮೈ ಮುಟ್ಟಿದವನು ಊರಿಗೇ ದ್ರೋಹಿ. ಜನ ಔನ್ನಿಸ್‌ನ ಕೈ ಹೊಗಳಿದರು. ಅವನೂ ಮೀಸೆ ತಿರುವಿಕೊಂಡ.

ಅದಾಗಿ ವಾರವಿಲ್ಲ, ಮೆಕ್ಕಿ ತನ್ನ ಜೇನುಗೂಡುಗಳಿಗೆ ಬೆಂಕಿ ಇಟ್ಟ. ಒಂದೊಂದೇ ಗೂಡಿನ ಬಾಯಿಗೆ ಹುಲ್ಲು ತುರುಕಿ ಹಚ್ಚಿದ, ಸುಟ್ಟ ಹುಳಗಳನ್ನು ಮೊರಕ್ಕೆ ಗೋರಿಕೊಂಡು ಬಂದು ತಾಯಿಯ ಮಡಿಲಿಗೆ ಸುರಿದು ನಕ್ಕ. ಮರುದಿನ ಹೇಸರಗತ್ತೆ ನಿಧಾನ ನಡೆಯಿತೆಂದು ದೊಣ್ಣೆಯಿಂದ ಅದರ ಮುಂಗಾಲು ಮುರಿದ. ಅದು ಬಿದ್ದು ಒದ್ದಾಡುತ್ತಿದ್ದರೆ ಎದುರಿಗೆ ಕೂತು ಅಂಜೂರ ತಿಂದ. ಬಾಯಿ ತೆಗೆದರೆ ಹೊಲಸು. ಮಾತಾಡಿಸಿದರೆ ಕೈ. ಆ ಕೈ ಬಹಳ ಸಲ ಬಿದ್ದದ್ದು ತಾವುಸ್‌ಳ ಮೇಲೆ.

ಮೊದಲ ಸಲ ಅವಳು ಅಪ್ಪನ ಮನೆಗೆ ಬಂದಾಗ ತುಟಿ ಹರಿದಿತ್ತು, ಮುಷ್ಟಿಯೊಳಗೆ ಎರಡು ಹಲ್ಲು ಇದ್ದವು. ಔನ್ನಿಸ್‌ನ ಕರುಳು ಚುರ್ ಎಂದಿತು. ಆದರೂ ಹೇಳಿದ, "ತಲಿಗೆ ಪೆಟ್ಟು ತಿಂದ ಗಂಡಸು ಸ್ವಲ್ಪ ದಿನ ಹಂಗ ಇರ್ತಾನವ್ವಾ. ಪಿತ್ತ ನೆತ್ತಿಗೇರೈತಿ. ಇಳೀತೈತಿ." ಪಿತ್ತಕ್ಕೆಂದು ಕಹಿಬೇರು ಕೊಟ್ಟು ಕಳಿಸಿದ. ಎರಡನೇ ಸಲ ಬಂದಾಗ ದವಡೆ ಮುರಿದಿತ್ತು. ಅದನ್ನು ತಾನೇ ಕೂಡಿಸಿ, ಪಟ್ಟಿ ಕಟ್ಟಿ, ಬೇರು ಬದಲಿಸಿ, ಮತ್ತೆ ಕಳಿಸಿದ. ಬಾಯಿ ಕಟ್ಟಿದ್ದರಿಂದ ಅವಳು ಏನೂ ಹೇಳಲಾರದೆ ಹೋದಳು. ಅವಳ ಹಿಂದೆ ಬಾಗಿಲು ಹಾಕಿಕೊಂಡು ಔನ್ನಿಸ್ ಗೋಡೆಗೆ ಹಣೆ ಚಚ್ಚಿಕೊಂಡ. ಪಿತ್ತವಲ್ಲ ಎಂದು ಅವನಿಗೆ ಗೊತ್ತಿತ್ತು. ಕುರುಬನ ತಲೆಯಲ್ಲಿ ತನ್ನ ಹೆಬ್ಬೆರಳು ಜಾರಿದ್ದು ಎಲ್ಲಿ, ಮೆಕ್ಕಿಯ ತಲೆಯಲ್ಲಿ ಚೂರು ಉಳಿದದ್ದು ಎಲ್ಲಿ ಎನ್ನುವುದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಅದನ್ನು ಒಪ್ಪಿದರೆ ಅಪ್ಪನ ಮಾತು ಹೋಗುತ್ತದೆ, ಬರಹ ಹೋಗುತ್ತದೆ, ತಂಗಿಗೆ ಹೇಳಿದ ಸುಳ್ಳೂ ಬಯಲಾಗುತ್ತದೆ. ಒಪ್ಪದೆ ಇರಲು ಅವನು ಮಗಳ ಹಲ್ಲು ಕೊಟ್ಟ, ದವಡೆ ಕೊಟ್ಟ.

ಮೂರನೇ ಸಲ ಅವಳು ನಡೆದು ಬರಲಿಲ್ಲ. ಹದ್ದಾಳೇ ಸೊಸೆಯನ್ನು ಬೆನ್ನ ಮೇಲೆ ಹೊತ್ತು ತಂದಳು. ಎಡಗಣ್ಣು ಹೋಗಿತ್ತು.

"ಅಣ್ಣಾ, ನನ್ನ ಮಗನ ಮೈಯಾಗ ಯಾವುದೋ ಹೊಕ್ಕೈತಿ," ಎಂದು ಹದ್ದಾ ನೆಲ ಬಡಿದು ಅತ್ತಳು. "ಅಂವ ನನ್ನ ಮೆಕ್ಕಿ ಅಲ್ಲ. ನಾ ಹೆತ್ತವನ ವಾಸನಿ ನನಗ ಗೊತ್ತಾಗೂದಿಲ್ಲೇನು? ಮಂತ್ರ ಹಾಕೋ ಮುದುಕನ ಹತ್ರ ಹೋಗೂಣು ನಡಿ."

ತಾವುಸ್ ಉಳಿದೊಂದು ಕಣ್ಣಿನಿಂದ ಅಪ್ಪನನ್ನು ನೋಡಿದಳು. "ಮುಂದಿನ ಸಲ ಹೊರಾಕ ಯಾರೂ ಬ್ಯಾಡ, ಅಪ್ಪಾ. ನನ್ನ ಹುಗದ ಮ್ಯಾಲ ನಿನಗ ಹೇಳಿ ಕಳಸ್ತಾರ." ಅಷ್ಟನ್ನೇ ಹೇಳಿದಳು. ಔನ್ನಿಸ್ ಮರುದಿನ ಬೆಳಗ್ಗೆ ಬೆಟ್ಟ ಇಳಿದು ಫ್ರೆಂಚರ ಠಾಣೆಯ ದವಾಖಾನೆಗೆ ಹೋದ.

ಅಲ್ಲಿನ ವೈದ್ಯ ಕೆಂಚು ಗಡ್ಡದ ಹುಡುಗು ಮುಖದವನು. ಸಿಪಾಯಿಗಳಿಂದ ಕಲಿತ ಅರಬ್ಬಿಯನ್ನು ಪಂತೋಜಿಯ ಹಾಗೆ ಬಿಡಿಬಿಡಿಯಾಗಿ ಆಡುತ್ತಿದ್ದ. ಮೇಜಿನ ಮೇಲೆ ಒಂದು ಬುರುಡೆ ಇಟ್ಟುಕೊಂಡಿದ್ದ.

"ನನ್ನ ಗೆಳ್ಯಾ ಒಬ್ಬಾವ ಅದಾನ," ಎಂದು ಔನ್ನಿಸ್ ಶುರು ಮಾಡಿದ. "ಅಂವ ಒಬ್ಬನ ತಲಿ ಬಿಚ್ಚಿದ್ದ."

"ನಿನ್ನ ಗೆಳೆಯನ ಕೆಲಸ ನಾನು ನೋಡಿದ್ದೇನೆ," ಎಂದ ವೈದ್ಯ. "ಮೂರು ತಲೆ ನೋಡಿದ್ದೇನೆ. ಮೂವರೂ ಬದುಕಿದ್ದಾರೆ. ನಮ್ಮ ನಗರದ ದೊಡ್ಡ ಆಸ್ಪತ್ರೆಯಲ್ಲಾಗಿದ್ದರೆ ಮೂವರಲ್ಲಿ ಇಬ್ಬರೇ ಬದುಕುತ್ತಿದ್ದರು. ನಿನ್ನ ಗೆಳೆಯನನ್ನು ಹಿಡಿಯಬೇಕೆಂದು ನನಗೆ ಆಜ್ಞೆ ಇದೆ. ಅವನು ಸಿಕ್ಕಿಲ್ಲ. ಮುಂದೆ ಹೇಳು."

ಔನ್ನಿಸ್ ಚೂರಿನ ವಿಷಯ ಹೇಳಿದ, ಜೇನಿನ ವಿಷಯ ಹೇಳಿದ, ಮಗಳ ಕಣ್ಣಿನ ವಿಷಯ ಹೇಳಿದ. ಕೊನೆಯದನ್ನು ಹೇಳುವಾಗ ಗೆಳೆಯನ ಮಗಳು ಎನ್ನಬೇಕೆಂಬುದು ಮರೆತೇ ಹೋಯಿತು. ವೈದ್ಯ ಬುರುಡೆಯ ಹಣೆಯ ಮೇಲೆ ಬೆರಳಿಟ್ಟ.

"ಇದರ ಹಿಂದೆ ಮನುಷ್ಯನ ಕಡಿವಾಣ ಇದೆ. ನಾಚಿಕೆ, ತಾಳ್ಮೆ, ಇದನ್ನು ಮಾಡಬಾರದು ಎನ್ನುವ ಎಚ್ಚರ. ಚೂರು ಅಲ್ಲಿ ಒತ್ತುತ್ತಿದೆ. ಭೂತ ಇಲ್ಲ, ಪಿತ್ತ ಇಲ್ಲ. ಮನುಷ್ಯ ಅಂದರೆ ಇದರೊಳಗೆ ಇರುವುದು ಮಾತ್ರ. ಉಳಿದ ಮೈ ಇದನ್ನು ಹೊತ್ತು ತಿರುಗುವ ಹೇಸರಗತ್ತೆ."

"ಹಂಗಾದ್ರ ನಿಮ್ಮ ಹೆಂಡ್ತಿ ಯಾರನ್ನ ಮದುವಿ ಆಗ್ಯಾಳ, ದಾಕ್ತರ? ಗಡಿಗಿ ಮೊಸರನ್ನೇನು?"

ವೈದ್ಯ ಹೊಟ್ಟೆ ಹಿಡಿದು ನಕ್ಕ. "ಅವಳೂ ಹಾಗೆಯೇ ಕೇಳುತ್ತಾಳೆ." ಆಮೇಲೆ ನಗು ನಿಲ್ಲಿಸಿ ಹೇಳಿದ, "ರೋಗಿಯನ್ನು ಇಲ್ಲಿಗೆ ತಾ, ನಗರಕ್ಕೆ ಕಳಿಸುತ್ತೇನೆ."

"ಕಟ್ಟಿ ತಂದ್ರ ದಾರ್‍ಯಾಗ ತಲಿ ಕಲ್ಲಿಗೆ ಬಡಕೊಂಡು ಸಾಯ್ತಾನ. ಬಿಟ್ಟು ತಂದ್ರ ಯಾರನ್ನರ ಕೊಂದ ಬರ್ತಾನ." ಔನ್ನಿಸ್ ಬುರುಡೆಯನ್ನೇ ನೋಡುತ್ತ ಕೇಳಿದ, "ಈ ಗೆರಿ ಕೊಯ್ಯಬಹುದೇನು?"

"ಯಾವ ಗೆರೆ? ಇದು ಮೂಳೆಯ ಕೂಡು, ಅಷ್ಟೇ. ನಡುನೆತ್ತಿಯದನ್ನು ಮುಟ್ಟಬೇಡ ಎಂದು ನಿನ್ನ ಗೆಳೆಯನಿಗೆ ಹೇಳು, ಕೆಳಗೆ ರಕ್ತದ ಕಾಲುವೆ ಇದೆ. ಅಡ್ಡಗೆರೆಗೆ ಅಂಜಬೇಕಾಗಿಲ್ಲ. ಗರಗಸವನ್ನು ಮೊದಲು ಕುದಿಯುವ ನೀರಿನಲ್ಲಿ ಅದ್ದಲಿ."

ಬೆಟ್ಟ ಹತ್ತುವಾಗ ಔನ್ನಿಸ್‌ನ ಹೊಟ್ಟೆ ಉರಿಯುತ್ತಿತ್ತು. ಆ ಹುಡುಗ ಸುಳ್ಳು ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ತಾನು ನಲವತ್ತು ವರ್ಷ ಬಾಯಿ ಬಿಡದೆ ಇಟ್ಟುಕೊಂಡದ್ದನ್ನು ಅವನು ಗಡ್ಡ ಕೆರೆದುಕೊಳ್ಳುತ್ತ ಹೇಳಿಬಿಟ್ಟಿದ್ದ.

ಶುಕ್ರವಾರದ ನಮಾಜು ಮುಗಿದ ಮೇಲೆ ನಾಲ್ವರು ಗಂಡಸರು ಮೆಕ್ಕಿಯನ್ನು ಹಿಡಿದರು. ಹಿಡಿಯುವುದರೊಳಗೆ ಒಬ್ಬನ ಕಿವಿ ಅರ್ಧ ಹರಿದಿತ್ತು, ಇನ್ನೊಬ್ಬನ ಹೆಬ್ಬೆರಳನ್ನು ಮೆಕ್ಕಿ ಎಲುಬು ಕಾಣುವಂತೆ ಕಚ್ಚಿದ್ದ. ಉಣ್ಣೆಯ ಹಗ್ಗದಿಂದ ಕೈಕಾಲು ಕಟ್ಟಿ, ಔನ್ನಿಸ್‌ನ ಅಂಗಳದಲ್ಲಿ ಬಿಸಿಲಿಗೆ ಮಲಗಿಸಿ, ಎದೆಯ ಮೇಲೆ ಒಬ್ಬ ಕೂತ. ಹದ್ದಾ ಬಾಗಿಲಲ್ಲಿ ನಿಂತಳು. ತಾವುಸ್ ಒಳಗಿದ್ದಳು.

"ಹೆಸರ ಹೇಳು," ಎಂದ ಔನ್ನಿಸ್, ರೂಢಿಯಂತೆ.

"ಹೇಳ್ತೀನಿ, ಮುದಿನಾಯಿ!" ಮೆಕ್ಕಿ ಉಗುಳಿದ. "ನಿನ್ನ ಮಗಳ ಹೆಸರ ಹೇಳ್ತೀನಿ. ಒಂದ ಕಣ್ಣ ತಿಂದೀನಿ, ಇನ್ನೊಂದ ಉಳದೈತಿ. ಅದನ್ನೂ ತಿಂದು ಆಕೀನ ಬಾಗಲಾಗ ಭಿಕ್ಷಾಕ್ಕ ಕೂಡಸ್ತೀನಿ. ಆಕಿ ಹೆಂಗ ಒದರಿದ್ಲು ಗೊತ್ತೇನು? ನಿನ್ನ ಹೆಸರ ಹಿಡಿದು ಒದರಿದ್ಲು!"

ಔನ್ನಿಸ್ ಚರ್ಮ ಬಿಡಿಸಿದ. ರಕ್ತ ಒರೆಸಿದ. ಮೂಳೆ ತೆಗೆದ ಹಳೆಯ ಕಿಂಡಿ ಪೊರೆ ಕಟ್ಟಿಕೊಂಡಿತ್ತು. ಅದರ ಕೆಳಗೆ ಆ ಮೊಸರು ಉಸಿರಿಗೆ ತಕ್ಕಂತೆ ಏರುತ್ತ ಇಳಿಯುತ್ತ ಇತ್ತು. ಅವನ ಕೈಯಲ್ಲಿ ಉಳಿ ಇತ್ತು. ಒಂದು ಗೇಣು ಬೇಡ, ಒಂದು ಬೆರಳಿನಷ್ಟು ಕೆಳಗೆ ಒತ್ತಿದರೆ ಎಲ್ಲ ಮುಗಿಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ತಲೆ ಬಿಚ್ಚಿದವರು ಸಾಯುವುದುಂಟು. ಒತ್ತಬೇಕೆಂಬ ಆಸೆ ಅವನಿಗೆ ತಲೆಯಲ್ಲಿ ಹುಟ್ಟಲಿಲ್ಲ. ಮಣಿಕಟ್ಟಿನಲ್ಲಿ ಹುಟ್ಟಿತು. ಕೈ ತಾನಾಗಿಯೇ ಬಿಗಿಯಿತು, ಅವನು ನೋಡುತ್ತ ಕೂತ. ನಾಲ್ವರೂ ಅವನ ಮುಖ ನೋಡಿದರು, ಎದೆಯ ಮೇಲೆ ಕೂತವನು "ಔನ್ನಿಸಣ್ಣಾ," ಎಂದ. ಆಗ ಅವನು ಎಡಗೈಯಿಂದ ಬಲಗೈ ಹಿಡಿದು ಉಳಿಯನ್ನು ನೆಲಕ್ಕಿಟ್ಟ, ಗರಗಸ ತೆಗೆದುಕೊಂಡ. ಕೊಲ್ಲಬೇಕೆಂದರೂ ಯಾರನ್ನು ಕೊಲ್ಲುವುದು? ಬೈಯುತ್ತಿರುವುದು ಆ ಚೂರು. ಚೂರು ಬಿಟ್ಟವನು ತಾನು.

ದೇವರ ಹೆಸರನ್ನು ಮೂರು ಸಲ ಹೇಳಿ ಗರಗಸವನ್ನು ಬರಹದ ಮೇಲಿಟ್ಟ. ಆಕಾಶ ಬೀಳಲಿಲ್ಲ. ಮೂಳೆ ಮೂಳೆಯ ಹಾಗೆಯೇ ಕೊಯ್ಯಿಸಿಕೊಂಡಿತು, ಅದರ ಹುಡಿಯೂ ಬೇರೆ ಮೂಳೆಯ ಹುಡಿಯ ಹಾಗೆಯೇ ಬೆಳ್ಳಗಿತ್ತು. ಅದನ್ನು ಕಂಡು ಔನ್ನಿಸ್‌ಗೆ ಅಪ್ಪ ಎರಡನೇ ಸಲ ಸತ್ತಷ್ಟು ದುಃಖವಾಯಿತು. ಮೆಕ್ಕಿ ಅಜ್ಜಿಯಿಂದ ಹಿಡಿದು ಹುಟ್ಟದ ಮಕ್ಕಳವರೆಗೆ ಎಲ್ಲರನ್ನೂ ಬೈಯುತ್ತಲೇ ಇದ್ದ. ಕಿಂಡಿ ಬೆರಳಗಲ ದೊಡ್ಡದಾಯಿತು. ಕೊಕ್ಕೆಗೆ ಚೂರು ಸಿಕ್ಕಿತು, ಕೀವು ಬಂತು, ಅದರ ಹಿಂದೆ ಚೂರು ಬಂತು.

"ನಿನ್ನ ಮಗಳ..." ಎನ್ನುತ್ತಿದ್ದ ಮೆಕ್ಕಿ ಅಲ್ಲಿಗೇ ನಿಂತ. ಬಾಯಿ ತೆರೆದೇ ಇತ್ತು. ನಾಲ್ವರೂ ಸತ್ತನೆಂದುಕೊಂಡರು. ಅವನು ಕಣ್ಣು ಮಿಟುಕಿಸಿ ಮೆತ್ತಗೆ ಕೇಳಿದ, "ಮಾವಾ, ಬಿಸಲಾಗ ಯಾಕ ಮಲಗಿಸೀರಿ? ನೀರ ಕೊಡ್ರಿ."

ಹದ್ದಾ ಬಾಗಿಲಿನಿಂದ ನೀರಿಗೆ ಓಡಿದಳು. ಎದೆಯ ಮೇಲೆ ಕೂತಿದ್ದವನು ಗಳಗಳನೆ ಅತ್ತ.

ಮೆಕ್ಕಿಯನ್ನು ಅವನ ಮನೆಗೆ ಒಯ್ದರು. ಒಂಬತ್ತು ದಿನ ಜ್ವರ ಸುಟ್ಟಿತು, ಹತ್ತನೆಯ ದಿನ ಬಿಟ್ಟಿತು. ಹನ್ನೆರಡನೆಯ ದಿನ ಮೆಕ್ಕಿ ಗೋಡೆಗೊರಗಿ ಕೂತು ಗಂಜಿ ಕುಡಿದ, ಜೇನು ಹೇಗಿವೆ ಎಂದು ಕೇಳಿದ. ಅವನಿಗೆ ಕಾಲುವೆಯ ಒಡ್ಡು ನೆನಪಿತ್ತು, ಬಗ್ಗಿದ್ದು ನೆನಪಿತ್ತು. ಅಲ್ಲಿಂದ ಈ ಬಿಸಿಲಿನವರೆಗೆ ಏನೂ ಇರಲಿಲ್ಲ. ಹೆಂಡತಿಯನ್ನು ಕರೆಯಿರಿ ಎಂದು ದಿನವೂ ಕೇಳಿದ. ಹದ್ದಾ ದಿನವೂ ಒಂದು ನೆಪ ಹೇಳಿದಳು. ಆ ದಿನ ಗಾಯ ನೋಡಲು ಬಂದ ಅಪ್ಪನ ಹಿಂದೆ ತಾವುಸ್ ತಾನಾಗಿಯೇ ಬಂದು ಹೊಸ್ತಿಲಲ್ಲಿ ನಿಂತಳು.

ಮೆಕ್ಕಿ ಅವಳ ಹೊಲಿದ ತುಟಿ ನೋಡಿದ, ಸೊಟ್ಟ ದವಡೆ ನೋಡಿದ, ಖಾಲಿ ಕಣ್ಣು ನೋಡಿದ. ಅವನ ಕೈಯಿಂದ ಬಟ್ಟಲು ಬಿತ್ತು.

"ಯಾರು?" ಎಂದ. ಗೋಡೆ ಹಿಡಿದು ಎದ್ದ. "ಯಾರು ಮಾಡಿದ್ದು? ತಾವುಸ್, ಹೆಸರ ಹೇಳು. ಮಾವಾ, ನೀ ಊರಾಗಿದ್ದೂ ಆಕೀನ ಹಿಂಗ ಮಾಡಿದಾವ ಇನ್ನೂ ಜೀವಂತ ಅದಾನೇನು?"

"ಬೆಲ್ಖೀರ," ಎಂದಳು ಹದ್ದಾ, ಉಸಿರು ಬಿಡುವಷ್ಟರಲ್ಲಿ. "ಆ ದಿನಾನ, ಕಾಲುವಿ ಹತ್ರ. ನಿನ್ನ ಬಿಡಿಸಾಕ ಬಂದಿದ್ಲು." ಮಗನಿಗೆ ನಿಜ ತಿಳಿಯದಿರಲು ಅವಳು ಇನ್ನೊಬ್ಬನ ಜೀವವನ್ನು ಅಷ್ಟು ಸಲೀಸಾಗಿ ಕೊಟ್ಟುಬಿಟ್ಟಳು. ಮೆಕ್ಕಿ ಮೂಲೆಯ ದೊಣ್ಣೆಗೆ ಕೈ ಹಾಕಿದ. ಇರುವೆ ದಾಟಿಕೊಂಡು ಹೋಗುತ್ತಿದ್ದ ಮೆಕ್ಕಿ, ತಲೆಯಲ್ಲಿ ಯಾವ ಚೂರೂ ಇಲ್ಲದ ಮೆಕ್ಕಿ, ಕೊಲ್ಲಲು ಹೊರಟ.

ಔನ್ನಿಸ್ ಬಾಗಿಲಿಗೆ ಅಡ್ಡ ನಿಂತ. "ಬೆಲ್ಖೀರ ಅಲ್ಲ. ದೊಣ್ಣಿ ಇಡು."

"ಮತ್ಯಾರು?"

"ನೀನು," ಎಂದಳು ತಾವುಸ್.

ಮೆಕ್ಕಿ ಮೊದಲು ನಗಲು ನೋಡಿದ. ಯಾರೂ ನಗಲಿಲ್ಲ. ಔನ್ನಿಸ್ ತನ್ನ ಬುರ್ನೂಸು ನಿಲುವಂಗಿಯ ಅಂಚಿಗೆ ಕಟ್ಟಿದ್ದ ಗಂಟು ಬಿಚ್ಚಿದ. ಬಾರ್ಲಿ ಕಾಳಿನಷ್ಟು ದೊಡ್ಡ ಮೂಳೆಯ ಚೂರು. ಅವನು ಎಲ್ಲವನ್ನೂ ಹೇಳಿದ. ಕುರುಬನ ವಿಷಯ, ಬರಹದ ವಿಷಯ, ತಂಗಿಗೆ ಹೇಳಿದ ಸುಳ್ಳು, ಮಗಳನ್ನು ಎರಡು ಸಲ ವಾಪಸು ಕಳಿಸಿದ್ದು. "ನೀ ಮಾಡಿಲ್ಲೋ ಮಗನೆ. ಇದು ಮಾಡೈತಿ. ಇದನ್ನ ಒಳಗ ಬಿಟ್ಟಾವ ನಾನು. ಹೊಡಿಯೂದಿದ್ರ ನನ್ನ ಹೊಡಿ."

ಮೆಕ್ಕಿಯ ಕೈಯಿಂದ ದೊಣ್ಣೆ ಜಾರಿತು. ಅವನು ನೆಲಕ್ಕೆ ಕೂತು ತನ್ನ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ತಾವುಸ್ ಅಪ್ಪನ ಕೈಯಿಂದ ಚೂರು ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಇಷ್ಟಽ?" ಎಂದಳು.

"ಇಷ್ಟಽ," ಎಂದ ಔನ್ನಿಸ್.

ಅವಳು ಮೆಕ್ಕಿಯನ್ನು ನೋಡಿ ಹೇಳಿದಳು, "ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಇದರ ತಪ್ಪು, ನಿಂದಲ್ಲ. ನಂಬೀನಿ." ಅವಳ ದನಿ ಸುಳ್ಳಾಗಿರಲಿಲ್ಲ. ಎರಡು ಹೆಜ್ಜೆ ಒಳಗೆ ಬಂದಳು. ಹದ್ದಾ ಬಾಯಿಗೆ ಸೆರಗು ಒತ್ತಿ, ದೇವರು ದೊಡ್ಡವನು, ದೇವರು ದೊಡ್ಡವನು ಎಂದಳು. ಔನ್ನಿಸ್‌ಗೂ ಎಲ್ಲ ಸರಿಹೋಯಿತು ಅನ್ನಿಸಿತು. ತಲೆಯೊಳಗಿನ ಕೆಡುಕನ್ನು ಬೇಳೆಯೊಳಗಿನ ಕಲ್ಲಿನಂತೆ ಹೆಕ್ಕಿ ತೆಗೆದಿದ್ದೇನೆ, ಇನ್ನು ಇವರು ಬಾಳುತ್ತಾರೆ ಅನ್ನಿಸಿತು.

ಮೆಕ್ಕಿಯ ಕಣ್ಣು ತುಂಬಿ ಹರಿಯಿತು. ಅದನ್ನು ಒರೆಸಿಕೊಳ್ಳಲು ಅವನು ಬಲಗೈ ಎತ್ತಿದ.

ತಾವುಸ್‌ಳ ಎರಡೂ ಮೊಣಕೈ ಮುಖಕ್ಕೆ ಅಡ್ಡ ಬಂದವು. ಅವಳು ಗೋಡೆಗೆ ಅಪ್ಪಳಿಸಿಕೊಂಡಳು, ಕಾಲ ಬುಡದಲ್ಲಿ ನೆಲ ಒದ್ದೆಯಾಯಿತು. ಮೆಕ್ಕಿಯ ಕೈ ಎತ್ತಿದಲ್ಲೇ ನಿಂತಿತು. ಅವನು ಅದನ್ನು ಬಹಳ ನಿಧಾನವಾಗಿ ಕೆಳಗಿಳಿಸಿ ತನ್ನ ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತ. ಆದರೂ ಅವಳ ಮೊಣಕೈ ಇಳಿಯಲಿಲ್ಲ.

"ನಾ ಮಾಡಾಕತ್ತಿಲ್ಲಪ್ಪಾ," ಎಂದಳು ಮೊಣಕೈಗಳ ಹಿಂದಿನಿಂದ, ನಾಚಿಕೆಯಿಂದ ಅಳುತ್ತ. "ನನಗ ಗೊತ್ತೈತಿ, ಇಂವ ಮೆಕ್ಕಿ. ಗೊತ್ತಿದ್ದೂ ಹಿಂಗ ಆಗಾಕತ್ತೈತಿ. ಇದು ಎಲ್ಲಿ ಕುಂತೈತಿ ಹುಡುಕು. ನಂದೂ ಬಿಚ್ಚು. ತಗದು ಹಾಕು." ಹೇಳುತ್ತ ಹೇಳುತ್ತ ಜರುಗಿ ಬಂದು, ಮಲಗಿ, ನೆಲಕ್ಕೆ ಕೂತ ಅಪ್ಪನ ತೊಡೆಯ ಮೇಲೆ ತಲೆಯಿಟ್ಟಳು.

ಔನ್ನಿಸ್ ಅವಳ ಕೂದಲೊಳಗೆ ಬೆರಳಾಡಿಸಿದ. ಕಿವಿಯ ಹಿಂದೆ, ನೆತ್ತಿಯ ಮೇಲೆ, ಹಣೆಯ ಎರಡೂ ಬದಿ. ಅಷ್ಟು ತಲೆ ಮುಟ್ಟಿದ ಬೆರಳುಗಳು. ಕೂದಲೆಳೆಯಷ್ಟು ಬಿರುಕಿದ್ದರೂ ಗೊತ್ತಾಗುತ್ತಿತ್ತು. ಮೂಳೆ ಎಲ್ಲ ಕಡೆಯೂ ಗಟ್ಟಿಯಾಗಿತ್ತು. ಅವಳ ಬೆನ್ನು, ಭುಜ, ಹಿಮ್ಮಡಿ ಮಾತ್ರ ನಡುಗುತ್ತಲೇ ಇದ್ದವು.

"ಸಿಕ್ತೇನು?" ಎಂದಳು.

"ಇಲ್ಲವ್ವಾ," ಎಂದ ಔನ್ನಿಸ್.

ಆ ಮಧ್ಯಾಹ್ನವೇ ಅವನು ಮಗಳನ್ನು ಮತ್ತೆ ತನ್ನ ಮನೆಗೆ ಕರೆದುಕೊಂಡು ಹೋದ. ಮೆಕ್ಕಿ ತಡೆಯಲಿಲ್ಲ. ಅವರು ಅಂಗಳ ದಾಟಿ, ಗೋಡೆಯ ತಿರುವಿನಲ್ಲಿ ಮರೆಯಾಗುವ ತನಕ ಅವನು ಕೈ ಮೇಲೆ ಕೂತೇ ಇದ್ದ.